ಕಂಬನ ಬಲಮಂಡಿ

ಕುಸ್ತಿಯವರೆಲ್ಲ ಅವನನ್ನು ಕಂಬ ಎನ್ನುತ್ತಿದ್ದರು. ಎದುರಾಳಿ ಎರಡೂ ಕೈಯಲ್ಲಿ ತಬ್ಬಿ ಎಳೆದರೂ ಅವನ ಕಾಲು ನೆಲ ಬಿಡುತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ ಅವನ ಕೆಲಸ ಮನೆ ಸಾಮಾನು ಸಾಗಿಸುವುದು. ಮಂಚ, ಬೀರು, ಫ್ರಿಜ್ಜು ಯಾವುದೇ ಇರಲಿ, ಲಿಫ್ಟ್ ಇಲ್ಲದ ಕಟ್ಟಡವೆಂದರೆ ಮಾಲೀಕ ಕಣ್ಣು ಮುಚ್ಚಿಕೊಂಡು ಅವನನ್ನೇ ಕಳಿಸುತ್ತಿದ್ದ. ಸಂಜೆಯಾದರೆ ಗೋದಾಮಿನ ಮೇಲಿನ ಹಾಲ್‌ನಲ್ಲಿ ಅಭ್ಯಾಸ.

“ನಿಮಗೆ ಹೆಂಡತಿ ನಾನೋ, ಆ ಮ್ಯಾಟೋ?” ಎಂದು ಹೆಂಡತಿ ರೇಗಿಸುತ್ತಿದ್ದಳು.

“ಮ್ಯಾಟು ಎದುರುತ್ತರ ಕೊಡಲ್ಲ ಕಣೇ,” ಎಂದು ಅವನು ನಗುತ್ತಿದ್ದ.

ಆ ಮ್ಯಾಟು ಸವೆದು ಚಪ್ಪಟೆಯಾಗಿತ್ತು. ಅದರ ಕೆಳಗೆ ಬರೀ ಸಿಮೆಂಟು. ಎದುರಾಳಿಯ ಕಾಲಿಗೆ ನುಗ್ಗುವಾಗಲೆಲ್ಲ ಬಲಮಂಡಿ ಊರಿಯೇ ಇಳಿಯಬೇಕು. ಹುಡುಗನಾಗಿದ್ದಾಗಿನಿಂದ ಅವನು ಹಾಗೆ ಇಳಿದೂ ಇಳಿದೂ ಆ ಮಂಡಿಯ ಚರ್ಮ ಒಣಗಿದ ತೊಗಲಿನಂತಾಗಿತ್ತು. ಒಂದು ಸಂಜೆ ಅಭ್ಯಾಸದಲ್ಲಿ ಅವನ ಜೊತೆಗಾರ, ಮೀಸೆ ಎಂದು ಕರೆಸಿಕೊಳ್ಳುತ್ತಿದ್ದವನು, ಪಟ್ಟು ಬಿಡಿಸಿಕೊಳ್ಳಲು ಹೋಗಿ ಅವನ ಮೇಲೆಯೇ ಬಿದ್ದ. ಕಂಬನ ಪಾದ ಮ್ಯಾಟಿಗೆ ಕಚ್ಚಿಕೊಂಡಿತ್ತು, ಮೈ ಮಾತ್ರ ತಿರುಗಿತು. ಮಂಡಿಯೊಳಗೆ ಏನೋ ಹರಿದಂತಾಯಿತು. ಊದಿಕೊಂಡದ್ದು ಕೆಲವು ದಿನದಲ್ಲಿ ಇಳಿಯಿತು. ಊತ ಇಳಿದ ಮೇಲೆ ಇನ್ನೇನು ಎಂದು ಅವನು ಪಟ್ಟಿ ಸುತ್ತಿಕೊಂಡು ಮತ್ತೆ ಹಾಲ್‌ಗೆ ಹೋದ. ಕೋಚ್ ಕೇಳಿದ್ದಕ್ಕೆ, “ಸ್ವಲ್ಪ ಉಳುಕಿದೆ ಸಾರ್, ಅಷ್ಟೇ,” ಎಂದ.

ಅದು ಅಷ್ಟೇ ಆಗಿರಲಿಲ್ಲ. ಒಂದು ಬೆಳಿಗ್ಗೆ ಸಹೋದ್ಯೋಗಿಯ ಜೊತೆ ಕಬ್ಬಿಣದ ಬೀರು ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಗ, ಮಡಚಿದ ಮಂಡಿ ಮಡಚಿದ ಹಾಗೇ ನಿಂತುಬಿಟ್ಟಿತು. ನೆಟ್ಟಗಾಗಲೊಲ್ಲದು, ಬಗ್ಗಲೂ ಒಲ್ಲದು. ಬೀರುವಿನ ಅಂಚು ಎದೆಗೆ ಒತ್ತುತ್ತಿತ್ತು.

“ಏನಾಯ್ತಣ್ಣ? ಎತ್ತಣ್ಣ, ನನ್ ಕೈ ಜಾರ್ತಿದೆ!” ಎಂದು ಕೆಳಗಿನಿಂದ ಸಹೋದ್ಯೋಗಿ ಕೂಗಿದ.

ಅವನು ಬೀರುವನ್ನು ಗೋಡೆಗೆ ಆನಿಸಿ, ತೊಡೆ ಹಿಡಿದು ಕಾಲನ್ನು ಬಲವಂತವಾಗಿ ಅಲುಗಿಸಿದ. ಒಳಗೆ ಲಟಕ್ಕೆಂದಿತು, ಕಾಲು ಬಿಟ್ಟಿತು. ಮೇಲಿನ ಮನೆಯಲ್ಲಿ ಬೀರು ಇಳಿಸಿದಾಗ ಅವನ ಅಂಗಿ ಒದ್ದೆಯಾಗಿ ಮೈಗೆ ಅಂಟಿತ್ತು. ಬೀರು ಜಾರಿದ್ದರೆ ಕೆಳಗಿದ್ದವನ ಗತಿ ಏನು ಎಂದು ನೆನೆದು ಅವನು ಮರುದಿನವೇ ಆಸ್ಪತ್ರೆಗೆ ಹೋದ.

ಮೂಳೆ ಡಾಕ್ಟರಮ್ಮ ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. “ಎರಡು ಮೂಳೆ ಮಧ್ಯೆ ಒಂದು ಮೆತ್ತೆ ಇರುತ್ತಪ್ಪ. ನಿಮ್ದು ಹರಿದಿದೆ. ಹರಿದ ತುಂಡು ಮಡಚಿಕೊಂಡು ಒಳಗೆ ಸಿಕ್ಕಿಹಾಕಿಕೊಳ್ಳುತ್ತೆ. ಬಾಗಿಲ ಕೆಳಗೆ ಕಾಲೊರಸು ಸಿಕ್ಕಿದ್ರೆ ಬಾಗಿಲು ತೆಗೆಯೋಕೆ ಆಗಲ್ವಲ್ಲ, ಹಾಗೆ.”

“ಒಂದು ಸಲ ಬಿದ್ದಿದ್ದಕ್ಕೇ ಹಿಂಗಾಯ್ತಾ ಮೇಡಂ?”

“ಒಂದು ಸಲದ್ದಲ್ಲ. ವರ್ಷಗಟ್ಟಲೆ ಗಟ್ಟಿ ನೆಲದ ಮೇಲೆ ಅದೇ ಮಂಡಿ ಕುಟ್ಟಿದ್ದೀರಿ. ಭಾರ ಬಿದ್ದಾಗ ಕಾಲು ತಿರುಚಿದೆ. ಅದು ಮಾಯೋ ಮೊದಲೇ ಮತ್ತೆ ಆಡಿದ್ದೀರಿ. ಈಗಲೂ ಹೊಲಿಯಬಹುದು. ಇನ್ನೊಂದು ಸಲ ತಿರುಚಿತು ಅಂದ್ರೆ ಹೊಲಿಯೋಕೆ ಏನೂ ಉಳಿಯಲ್ಲ, ಕತ್ತರಿಸಿ ತೆಗೀಬೇಕು. ಆಮೇಲೆ ಮೂಳೆಗೆ ಮೂಳೆ ಉಜ್ಜುತ್ತೆ. ಕುಸ್ತಿ ಬಿಡಿ, ಮೆಟ್ಟಿಲೂ ಕಷ್ಟ.”

“ಮುಂದಿನ ತಿಂಗಳು ದೊಡ್ಡ ತಂಡಕ್ಕೆ ಆಯ್ಕೆ ಕುಸ್ತಿ ಇದೆ. ಅದು ಮುಗಿಸಿ ಬಂದ್ರೆ?”

ಡಾಕ್ಟರಮ್ಮ ಕನ್ನಡಕ ತೆಗೆದು ಅವನ ಮುಖ ನೋಡಿದರು. “ನಾನು ಇಷ್ಟು ಹೊತ್ತು ಯಾರ ಹತ್ರ ಮಾತಾಡ್ತಿದ್ದೆ?”

ಅದು ಅವನ ಕೊನೆಯ ಆಯ್ಕೆ ಕುಸ್ತಿ. ಮುಂದಿನ ಸಲದಿಂದ ಹೊಸಬರನ್ನೇ ನೋಡುವುದು ಎಂದು ಕೋಚ್ ಆಗಲೇ ಹೇಳಿಬಿಟ್ಟಿದ್ದರು. ದೊಡ್ಡ ತಂಡದ ಬಾಗಿಲವರೆಗೆ ಹೋಗಿ ಹಿಂದಿರುಗುವುದು ಅವನಿಗೆ ಅಭ್ಯಾಸವಾಗಿಬಿಟ್ಟಿತ್ತು. ಈ ಸಲವೂ ಹಾಗಾದರೆ ತನ್ನ ಆಯುಸ್ಸೆಲ್ಲ ಬೇರೆಯವರ ಬೀರು ಹೊತ್ತದ್ದೇ ಆಯಿತು ಎನಿಸಿತು. ಮನೆಗೆ ಬಂದವನೇ ಹೆಂಡತಿಗೆ, “ಏನಿಲ್ವಂತೆ. ವಾಯು ಅಂತೆ,” ಎಂದ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ದಿನವಿಡೀ ಮೆಷಿನ್ ತುಳಿದು ಬಂದಿದ್ದ ಅವಳು, ತನ್ನ ಪಾದ ನೋಯುತ್ತಿದ್ದರೂ ಕೂತು ಅವನ ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತಿದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಸ್ಪರ್ಧೆಯ ಬೆಳಿಗ್ಗೆ ಅವನು ಬೇರೊಂದು ಚಿಕ್ಕ ಕ್ಲಿನಿಕ್ಕಿಗೆ ಹೋಗಿ ಮಂಡಿಯ ನೀರು ತೆಗೆಸಿ, ನೋವು ಮರೆಸುವ ಇಂಜೆಕ್ಷನ್ ಹಾಕಿಸಿಕೊಂಡ. ಹೊರಗೆ ಬಂದಾಗ ನೋವಿನ ಸುಳಿವೇ ಇರಲಿಲ್ಲ. ರಸ್ತೆಯಲ್ಲಿ ಬೇಕೆಂದೇ ಸ್ವಲ್ಪ ದೂರ ಓಡಿ ನೋಡಿದ. ಕಣ್ಣಲ್ಲಿ ನೀರು ಬಂತು. ಕಾಲು ಮರಳಿ ಬಂದಿತ್ತು, ಬಾಡಿಗೆಯದಾದರೂ ಸರಿ.

ಕೊನೆಯ ಸುತ್ತಿನಲ್ಲಿ ಎದುರಿಗೆ ಬಂದವನು ಮೀಸೆ.

ಇಬ್ಬರೂ ವರ್ಷಗಳಿಂದ ಒಂದೇ ಮ್ಯಾಟಿನಲ್ಲಿ ಉರುಳಾಡಿದವರು, ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತು. ಸೀಟಿ ಊದಿದ್ದೇ ಕಂಬ ನುಗ್ಗಿ ಅಂಕ ಗಳಿಸಿದ. ಮತ್ತೆ ನುಗ್ಗಿದ, ಮತ್ತೆ ಗಳಿಸಿದ. ಜನ ಕಿರುಚುತ್ತಿದ್ದರು. ಆದರೆ ಅವನಿಗೆ ಏನೋ ಸರಿ ಇಲ್ಲವೆನಿಸಿತು. ಮೀಸೆಯ ಕೈಗಳು ಅವನ ಕತ್ತಿಗೆ ಬರುತ್ತಿದ್ದವು, ಸೊಂಟಕ್ಕೆ ಬರುತ್ತಿದ್ದವು, ಮುಂದಿಟ್ಟಿದ್ದ ಬಲಗಾಲಿನ ಹತ್ತಿರ ಬಂದೊಡನೆ ಬೆಂಕಿ ತಾಗಿದಂತೆ ಹಿಂದೆ ಸರಿಯುತ್ತಿದ್ದವು. ಮೀಸೆಯ ಹೆಸರು ಇದ್ದದ್ದೇ ಕಾಲು ಹಿಡಿಯುವುದರಲ್ಲಿ.

ತಲೆಗೆ ತಲೆ ಕೊಟ್ಟು ನಿಂತಿದ್ದಾಗ ಕಂಬ ಪಿಸುಗುಟ್ಟಿದ: “ಕಾಲು ಹಿಡಿಯೋ.”

“ಸುಮ್ನೆ ಆಡೋ.”

“ಹಿಡಿ ಅಂದೆ.”

“ಬೇಡ ಕಣೋ. ನಿನ್ ಕಾಲು ನನಗೆ ಗೊತ್ತು. ಗೆದ್ಕೊಂಡ್ ಹೋಗು,” ಎಂದ ಮೀಸೆ.

ಸುಮ್ಮನೆ ಸಮಯ ಕಳೆದಿದ್ದರೆ ಸಾಕಿತ್ತು, ಕಂಬ ಗೆಲ್ಲುತ್ತಿದ್ದ. ಜೀವಮಾನವೆಲ್ಲ ಹಂಬಲಿಸಿದ್ದು ಕೈಯಳತೆಯಲ್ಲಿತ್ತು. ಆದರೆ ಅವನ ಮೈಯೆಲ್ಲ ಉರಿಯಿತು. ತಾನು ಬದುಕಿಡೀ ಬೆವರು ಸುರಿಸಿದ್ದು ಈ ಕನಿಕರಕ್ಕಾ? ಅವನು ಮೀಸೆಯನ್ನು ತಳ್ಳಿ, ತನಗೆ ತಿಳಿದ ಎಲ್ಲ ಬಲ ಹಾಕಿ, ಬಲಮಂಡಿ ಊರಿ ಅವನ ಎರಡೂ ಕಾಲಿಗೆ ನುಗ್ಗಿದ. ಎತ್ತಿದ. ಎತ್ತಿಕೊಂಡೇ ತಿರುಗಿದ. ಪಾದ ತಿರುಗಲಿಲ್ಲ.

ನೋವಾಗಲಿಲ್ಲ, ಇಂಜೆಕ್ಷನ್ ಚೆನ್ನಾಗಿಯೇ ಕೆಲಸ ಮಾಡಿತ್ತು. ಕೆಳಗೆ ಕಾಲೇ ಇಲ್ಲದ ಹಾಗೆ ಕುಸಿದ. ಮೀಸೆಯ ಭಾರವೆಲ್ಲ ಮೇಲೆ ಬಿತ್ತು, ಎರಡೂ ಭುಜ ಮ್ಯಾಟಿಗೆ ತಾಗಿ ಕಂಬ ಚಿತ್ತಾದ. ರೆಫರಿ ಕೈ ಹಿಡಿದೆತ್ತಿದಾಗ ಗೆದ್ದ ಮೀಸೆ ಇನ್ನೊಂದು ಕೈಯಿಂದ ಮುಖ ಮುಚ್ಚಿಕೊಂಡಿದ್ದ.

ಡಾಕ್ಟರಮ್ಮ ಮೆತ್ತೆಯನ್ನು ಕತ್ತರಿಸಿ ತೆಗೆದರು. ಎಚ್ಚರವಾದಾಗ ಹೆಂಡತಿ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು.

“ವಾಯು ಅಂದ್ರಿ,” ಎಂದಳು.

ಅವನು ಮತ್ತೆ ಗೋಡೆಯ ಕಡೆ ಹೊರಳಲು ನೋಡಿದ, ಪಟ್ಟಿ ಸುತ್ತಿದ ಕಾಲು ಬಿಡಲಿಲ್ಲ.

“ಮಂಡಿ ಹೋಯ್ತು ಅಂತ ಅಳ್ತಿಲ್ಲ ನಾನು. ಬಿಸಿನೀರು ಒತ್ತುವಾಗ ನೀವು ಸುಮ್ನೆ ಮಲಗಿದ್ರಲ್ಲ, ಅದು ನೆನೆಸ್ಕೊಂಡ್ರೆ ಕರುಳು ಕಿತ್ ಬರುತ್ತೆ.”

ಮಾಲೀಕ ಒಳ್ಳೆಯ ಮಾತಿನಲ್ಲೇ ಕೆಲಸದಿಂದ ಬಿಡಿಸಿದ. ಮೀಸೆ ದೊಡ್ಡ ತಂಡ ಸೇರಿದ. ಹೊರಡುವ ಮುಂಚೆ ಬಂದು ಬಾಗಿಲಲ್ಲೇ ನಿಂತ. “ನೀನು ಯಾಕೋ ಸುಮ್ನಿರಲಿಲ್ಲ?” ಎಂದು ಕೇಳಿದ. ಕಂಬ ಹೊದಿಕೆ ಎಳೆದುಕೊಂಡ.

ಕಾಲಿಗೆ ಬಲ ಬರಲಿ ಎಂದು ಹೆಂಡತಿ ಬೆಳಿಗ್ಗೆ ಕಾರ್ಖಾನೆಗೆ ಹೊರಡುವ ಮುಂಚೆ ಅವನನ್ನು ಕಟ್ಟಡದ ಮೆಟ್ಟಿಲಿಗೆ ಕರೆತರುತ್ತಿದ್ದಳು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೆಟ್ಟ ಕಾಲು ಮೊದಲು. ಒಂದು ದಿನ ಮಧ್ಯದಲ್ಲೇ ಮೂಳೆ ಉಜ್ಜಿದ ನೋವು ನೆತ್ತಿಗೇರಿ ಅವನು ಕುಸಿದು ಕೂತುಬಿಟ್ಟ.

“ಹೋಗೇ ನೀನು. ಕೆಲಸಕ್ಕೆ ಹೋಗು. ನನ್ನ ಇಲ್ಲೇ ಬಿಟ್ಟು ಹೋಗು!” ಎಂದು ಕಿರುಚಿದ. ಆಮೇಲೆ ಸಣ್ಣ ಧ್ವನಿಯಲ್ಲಿ, “ಇನ್ನು ನಾನು ಯಾತಕ್ಕೆ ಬರ್ತೀನಿ ಹೇಳು,” ಎಂದ.

ಅವಳು ಹೋಗಲಿಲ್ಲ. ಚಪ್ಪಲಿ ಬಿಚ್ಚಿ ಅವನ ಪಕ್ಕದಲ್ಲೇ ಕೂತಳು. ಮೇಲಿನ ಮನೆಯವನು ಮಳೆಗೆ ನೆನೆದ ಸೈಕಲ್ ಹೊತ್ತು ಇಳಿದು ಬಂದ. ಅವರು ಏಳುವಂತಿರಲಿಲ್ಲ, ಅವನಿಗೆ ಹೊತ್ತಾಗಿತ್ತು.

“ಸ್ವಲ್ಪ ತಲೆ ಬಗ್ಗಿಸಿ,” ಎಂದ.

ಇಬ್ಬರೂ ತಲೆ ಬಗ್ಗಿಸಿದರು. ಒದ್ದೆ ಚಕ್ರ ಮೇಲೆ ಹಾದು ಹೋಯಿತು, ಕೆಸರು ನೀರು ಅವನ ಕತ್ತಿನ ಮೇಲೆ ತೊಟ್ಟಿಕ್ಕಿತು. ಹೆಂಡತಿ ಸೆರಗಿನಿಂದ ಅದನ್ನು ಒರೆಸಿದಳು. ಏಳಿ ಎನ್ನಲಿಲ್ಲ.