ಪೆಟ್ಟಿಗೆಯಲ್ಲೊಂದು ಖಾಲಿ ಗುಳಿ

ವಾಯುನೆಲೆಯಲ್ಲಿ ವಿಮಾನ ರಿಪೇರಿ ಮಾಡುವ ಹ್ಯಾಂಗರಿನಲ್ಲಿ ಅವಳನ್ನು ಎಲ್ಲರೂ ಪಟಾಕಿ ಎಂದೇ ಕರೆಯುತ್ತಿದ್ದರು. ಅವಳ ಬಾಯಿಗೆ ಹೆದರಿಯೇ ಯುದ್ಧವಿಮಾನಗಳು ಅಷ್ಟು ಬೇಗ ಮೇಲೇರುತ್ತವೆ ಎಂದು ಜೊತೆಯ ಮೆಕ್ಯಾನಿಕ್ಕುಗಳ ತಮಾಷೆ. ಆದರೆ ಆ ಬೆಳಿಗ್ಗೆ ಪಟಾಕಿಯ ಬಾಯಿ ಒಣಗಿಹೋಗಿತ್ತು. ವಿಮಾನದ ಕೆಲಸ ಮುಗಿಸಿ ಸಲಕರಣೆ ಪೆಟ್ಟಿಗೆ ಮುಚ್ಚಲು ಹೋದರೆ ಒಂದು ಗುಳಿ ಖಾಲಿ.

ಅಲ್ಲಿಯ ಪೆಟ್ಟಿಗೆಗಳೇ ಹಾಗೆ. ಒಂದೊಂದು ಸಲಕರಣೆಗೂ ಅದರದೇ ಆಕಾರದ ಗುಳಿ ಕೊರೆದಿರುತ್ತದೆ; ಏನು ಕಾಣೆಯಾದರೂ ಕಣ್ಣಿಗೆ ರಾಚುತ್ತದೆ. ಗುಳಿ ಖಾಲಿಯಿದ್ದರೆ ತಕ್ಷಣ ಕೂಗಿ ಹೇಳಬೇಕು, ಅದು ಸಿಗುವವರೆಗೆ ಒಂದು ವಿಮಾನವೂ ನೆಲ ಬಿಡಬಾರದು, ಹೇಳಿದವರನ್ನು ಯಾರೂ ದಂಡಿಸಬಾರದು. ಈ ನಿಯಮವನ್ನು ಗೋಡೆಯ ಮೇಲೆ ಆಳೆತ್ತರಕ್ಕೆ ಬರೆಸಿದ್ದರು. ಬರೆಸುವುದಕ್ಕೇನು ಕಷ್ಟ!

ಹ್ಯಾಂಗರಿನ ಮೇಲ್ವಿಚಾರಕ ಅವಳ ಸ್ವಂತ ಅಕ್ಕನ ಗಂಡ. ಹೊರಗೆ ಪೆಂಡಾಲಿನಡಿ ದೊಡ್ಡ ದೊಡ್ಡ ಅತಿಥಿಗಳು ವಿಮಾನಗಳ ಸಾಹಸ ನೋಡಲು ಕಾದು ಕೂತಿದ್ದರು.

“ಭಾವ, ನನ್ನ ಸ್ಪ್ಯಾನರ್ ಒಂದು ಕಾಣ್ತಿಲ್ಲ.”

“ಮೆಲ್ಲಗೆ ಮಾತಾಡು! ಎಲ್ಲೋ ನೆಲದ ಮೇಲೆ ಬಿದ್ದಿರುತ್ತೆ. ಪೆಟ್ಟಿಗೆ ಸರಿಯಿದೆ ಅಂತ ಹೇಳ್ಬಿಡು, ಅತಿಥಿಗಳು ಹೋದ್ಮೇಲೆ ಹುಡುಕೋಣ.”

“ವಿಮಾನದ ಒಳಗೇ ಬಿದ್ದಿದ್ರೆ?”

“ಕೂಗಿ ಹೇಳಿ ನಿನ್ನ ಕೆಲಸಕ್ಕೇನಾದ್ರೂ ಆದ್ರೆ ನಿಮ್ಮಕ್ಕನಿಗೆ ನಾನೇನು ಮುಖ ತೋರಿಸ್ಲಿ?”

“ವಿಮಾನ ಬಿದ್ರೆ ಪೈಲಟ್ ಹೆಂಡ್ತಿಗೆ ಯಾವ ಮುಖ ತೋರಿಸ್ತೀರಿ?” ಎಂದವಳೇ ಹೊರಗೆ ಹೋಗಿ ಕೂಗಿಬಿಟ್ಟಳು.

ರನ್‌ವೇ ಸೇರಿದ್ದ ವಿಮಾನಗಳು ವಾಪಸ್ಸು ಬಂದವು. ಅತಿಥಿಗಳು ಗೊಣಗುತ್ತಾ ಕಾರು ಹತ್ತಿದರು. ಹ್ಯಾಂಗರಿನವರೆಲ್ಲ ಹೊಟ್ಟೆಯ ಮೇಲೆ ತೆವಳಿ ಹುಡುಕಿದರು. ಸಂಜೆಗೆ ಸ್ಪ್ಯಾನರ್ ಸಿಕ್ಕಿತು. ಅವಳು ಕೆಲಸ ಮಾಡಿದ್ದ ವಿಮಾನದ ಬಾಲ ತಿರುಗಿಸುವ ಸರಳಿನ ಪಕ್ಕದಲ್ಲೇ ಸಿಕ್ಕಿಕೊಂಡಿತ್ತು. ಆ ವಿಮಾನ ಹಾರಿಸಬೇಕಿದ್ದ ಪೈಲಟ್ ಅದನ್ನು ಕೈಯಲ್ಲಿ ಹಿಡಿದು, “ಇದು ಆ ಸರಳಿಗೆ ಅಡ್ಡ ಸಿಕ್ಕಿದ್ರೆ ವಿಮಾನ ನನ್ನ ಮಾತೇ ಕೇಳ್ತಿರ್ಲಿಲ್ಲ” ಎಂದ.

ನೆಲೆಯ ಮುಖ್ಯಸ್ಥರು ಅವಳನ್ನು ಕರೆಸಿದರು. “ಎಲ್ಲರೆದುರು ನನ್ನ ಮಾನ ಮೂರು ಕಾಸಿಗೆ ಹೋಯ್ತು. ಇನ್ಮೇಲೆ ವಿಮಾನ ಮುಟ್ಟಬೇಡ. ಉಗ್ರಾಣಕ್ಕೆ ಹೋಗು.”

“ಸ್ಪ್ಯಾನರ್ ಮರೆತಿದ್ದು ನನ್ನ ತಪ್ಪು ಸಾರ್. ಅದಕ್ಕೆ ಬೈಯಿರಿ, ಮತ್ತೆ ತರಬೇತಿಗೆ ಹಾಕಿ. ಆದ್ರೆ ನೀವು ಶಿಕ್ಷೆ ಕೊಡ್ತಿರೋದು ನಾನು ಬಾಯಿ ಬಿಟ್ಟಿದ್ದಕ್ಕೆ.”

“ಹೊರಗೆ ನಡಿ!”

ಅವಳ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಒಬ್ಬನ ಜೀವಕ್ಕಿಂತ ಪೆಂಡಾಲಿನ ಚಪ್ಪಾಳೆ ದೊಡ್ಡದಾಯಿತೇ? ವಿಮಾನದ ಹೊಟ್ಟೆಯೊಳಗೆ ತಲೆ ತೂರಿಸಿ ದುಡಿದ ಹೆಣ್ಣು ಮಾರನೆಯ ದಿನದಿಂದ ಉಗ್ರಾಣದ ಕಿಟಕಿಯ ಹಿಂದೆ ಗ್ರೀಸ್ ಡಬ್ಬಿ ಜೋಡಿಸುತ್ತಾ ಕೂತಳು. ಭಾವ ಆ ಕಡೆ ತಲೆಯನ್ನೂ ಹಾಕಲಿಲ್ಲ.

ಕಿಟಕಿಗೆ ಮೊದಲು ಬಂದ ಮೆಕ್ಯಾನಿಕ್ ಅತ್ತಿತ್ತ ನೋಡಿ ಪಿಸುಗುಟ್ಟಿದ: “ಅಕ್ಕ, ಒಂದು ಸ್ಪ್ಯಾನರ್ ಹೆಚ್ಚಿಗೆ ಕೊಡಿ.”

“ಯಾಕೆ? ಪೆಟ್ಟಿಗೇಲಿ ಇದೆಯಲ್ಲ?”

“ಜೇಬಲ್ಲಿ ಇರ್ಲಿ ಅಂತ. ಅದು ಕಳೆದ್ರೆ ಇದನ್ನ ಗುಳಿಗೆ ಹಾಕ್ಬಿಡೋದು. ನಿಮ್ಮ ಗತಿ ಕಣ್ಣಾರೆ ನೋಡಿದ್ವಲ್ಲ.”

“ಬುದ್ಧಿ ಇದೆಯೇನೋ ನಿನಗೆ? ನಡಿ ಇಲ್ಲಿಂದ!” ಎಂದು ಅಟ್ಟಿದಳು. ಅವನ ಹಿಂದೆಯೇ ಇನ್ನೊಬ್ಬ ಬಂದ, ಆಮೇಲೆ ಮತ್ತೊಬ್ಬ. ಅವಳು ಜಗಳಕ್ಕೇ ನಿಂತಾಗ ಕೊನೆಯವನು, “ನೀವು ಕೊಡದಿದ್ರೆ ಬಿಡಿ, ಪೇಟೇಲಿ ಸಿಗುತ್ತೆ” ಎಂದು ಹೊರಟೇಹೋದ. ಮುಖ್ಯಸ್ಥರಿಗೆ ಹೇಳೋಣವೆಂದು ಓಡಿದರೆ ಬಾಗಿಲಲ್ಲೇ ತಡೆದು ವಾಪಸ್ಸು ಕಳಿಸಿದರು.

ಕೆಲವು ದಿನ ಕಳೆದ ಮೇಲೆ ಆ ಪೈಲಟ್ ಹಾರಾಟಕ್ಕೆ ಹೊರಟವನು ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಕಿಟಕಿಯ ಬಳಿ ನಿಂತ.

“ನಿನಗೆ ಹೀಗಾಗಬಾರದಿತ್ತಮ್ಮ. ಆದ್ರೂ ನಿನ್ನಿಂದ ಎಲ್ಲರೂ ಪಾಠ ಕಲಿತಿದ್ದಾರೆ ನೋಡು. ಆವತ್ತಿಂದ ಒಂದು ಪೆಟ್ಟಿಗೇಲೂ ಗುಳಿ ಖಾಲಿ ಇಲ್ಲವಂತೆ. ಮುಖ್ಯಸ್ಥರಿಗೆ ಖುಷಿಯೋ ಖುಷಿ.”

ಅವಳು ಗ್ರೀಸ್ ಡಬ್ಬಿ ಕೆಳಗಿಟ್ಟಳು.

“ಇನ್ನು ಯಾವತ್ತೂ ಖಾಲಿ ಇರಲ್ಲ ಸಾರ್, ನಿಮ್ಮ ವಿಮಾನದೊಳಗೆ ಏನೇ ಬಿದ್ದಿದ್ರೂ.”