ಸ್ಟೀರಿಂಗ್ ಹಿಡಿದವರು

"ಇನ್ನೊಂದ್ಸಲ ಹೇಳು. ಗಾಡಿ ಓಡಿಸ್ತಿದ್ದಿದ್ದು ಯಾರು?"

"ಅವರು."

"ಅಯ್ಯೋ, ಹಾಗೆ ನೆಲ ನೋಡ್ಕೊಂಡು ಹೇಳಿದ್ರೆ ಮುಗೀತು ಕಥೆ," ಎಂದು ಭಾವ ಹಣೆ ಚಚ್ಚಿಕೊಂಡ. ಅವಳ ಗಂಡ ಸತ್ತ ಮೇಲೆ ಮನೆಯ ವ್ಯವಹಾರವೆಲ್ಲ ಅವನ ಅಣ್ಣನಾದ ಭಾವನ ತಲೆಗೇ ಬಂದಿತ್ತು. ಪೊಲೀಸರ ಮುಂದೆಯೂ ಏಜೆಂಟನ ಮುಂದೆಯೂ ಅವನೇ ನಿಂತು, ತಮ್ಮನೇ ಓಡಿಸುತ್ತಿದ್ದನೆಂದು ಬರೆಸಿ ಆಗಿತ್ತು. ಇನ್ನು ವಿಮಾ ಕಂಪನಿಯ ತನಿಖೆಯವನೊಬ್ಬ ಬಂದು, ಅದನ್ನೇ ಅವಳ ಬಾಯಿಂದ ಕೇಳಿಸಿಕೊಂಡು ಹೋಗಬೇಕಿತ್ತು, ಅಷ್ಟೆ.

ಆ ಪಾಲಿಸಿಯಲ್ಲಿ ಪ್ರಾಣಕ್ಕೆ ಪರಿಹಾರವಿದ್ದದ್ದು ಗಾಡಿಯ ಮಾಲೀಕ ತಾನೇ ಓಡಿಸುವಾಗ ಸತ್ತರೆ ಮಾತ್ರ. ಪಕ್ಕದಲ್ಲಿ ಕೂತು ಸತ್ತರೆ ಚಿಕ್ಕಾಸೂ ಇಲ್ಲ. ಪಕ್ಕದ ಸೀಟಿಗೂ ಸೇರಿಸೋಣವೇ, ಪ್ರೀಮಿಯಂ ಸ್ವಲ್ಪ ಜಾಸ್ತಿಯಾಗುತ್ತದೆ ಎಂದು ಏಜೆಂಟ್ ಕೇಳಿದಾಗ ಗಂಡ ನಕ್ಕುಬಿಟ್ಟಿದ್ದ. "ಪಕ್ಕದಲ್ಲಿ ಕೂರೋಳು ನನ್ನ ಹೆಂಡ್ತಿ. ಅವಳಿಗೇನೂ ಆಗೋಕೆ ನಾನು ಬಿಡಲ್ಲ ಬಿಡಿ." ಅಂಥ ಮಾತಾಡಿ ಹೋದವನನ್ನು ಈಗ ಬೈಯುವುದಾದರೂ ಹೇಗೆ? ಪರಿಹಾರ ಬಂದರೆ ಮನೆ ಮೇಲಿನ ಸಾಲ ತೀರುತ್ತಿತ್ತು. ಬಾರದಿದ್ದರೆ ಅತ್ತೆಯನ್ನು ಕರೆದುಕೊಂಡು ಅವಳು ಈ ಮನೆಯಿಂದ ಹೊರಬೀಳಬೇಕಿತ್ತು.

ಕಂಪನಿಗೆ ಸುಳ್ಳು ಹೇಳುವುದು ಅವಳಿಗೆ ಅಂಥ ಭಾರವೇನಲ್ಲ. ಅತ್ತೆ ಅದನ್ನು ನಂಬಿಬಿಟ್ಟದ್ದು ಅವಳನ್ನು ಕೊಲ್ಲುತ್ತಿತ್ತು. ಆ ತಾಯಿ ಮಗನಿಗಾಗಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅಷ್ಟು ಸಿಟ್ಟು. "ರಾತ್ರಿಯೆಲ್ಲ ಲಿಫ್ಟ್ ರಿಪೇರಿ ಮಾಡಿ ಬಂದೋನಿಗೆ, ಕಣ್ಣು ಎಳೆದ್ರೆ ಸ್ಟೀರಿಂಗು ನಿನ್ನ ಕೈಗೆ ಕೊಡೋಕೆ ಏನು ಧಾಡಿ? ನಿಂತಿರೋ ಲಾರಿಗೆ ಹೋಗಿ ಗುದ್ದೋದಾ? ನಿನ್ನನ್ನೂ ಸಾಯಿಸ್ತಿದ್ನಲ್ಲೇ!" ಪಾತ್ರೆ ತೊಳೆಯುವಾಗಲೂ ಬಟ್ಟೆ ಒಣಹಾಕುವಾಗಲೂ ಸತ್ತವನನ್ನು ಎದುರಿಗೆ ನಿಲ್ಲಿಸಿಕೊಂಡ ಹಾಗೆ ಬೈಯುತ್ತಿದ್ದರು.

ಅವನು ಕೊಟ್ಟಿದ್ದ. ತಾನಾಗಿಯೇ ಗಾಡಿ ನಿಲ್ಲಿಸಿ, ಕೀಲಿ ಅವಳ ಕೈಗಿಟ್ಟು, ಪಕ್ಕದ ಸೀಟಿನಲ್ಲಿ ಒರಗಿಕೊಂಡಿದ್ದ. ಇದನ್ನು ನುಂಗಿಕೊಂಡು ಅವಳು ಮನೆತುಂಬ ಓಡಾಡುತ್ತಿದ್ದಳು.

ತನಿಖೆಯವನು ಬಂದ. ಬಡಕಲು ಮನುಷ್ಯ, ತಾನೇ ಏನೋ ತಪ್ಪು ಮಾಡಿದವನ ಹಾಗೆ ಕುರ್ಚಿಯ ತುದಿಯಲ್ಲಿ ಕೂತ. ಭಾವ ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟ. ಎಲ್ಲಕ್ಕೂ ತಲೆಯಾಡಿಸಿ, ಬಂದವನು ಅವಳ ಕಡೆ ತಿರುಗಿದ.

"ಸೀಟ್ ಬೆಲ್ಟ್ ಹಾಕ್ಕೊಂಡಿದ್ರೇನಮ್ಮಾ?"

"ಹೂಂ."

"ಅದಕ್ಕೇ ಬದುಕಿದ್ದೀರಿ. ಬೆಲ್ಟ್ ಒತ್ತಿ ಏಟಾಗಿರಬೇಕಲ್ಲ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಟೀ ಲೋಟ ಹಿಡಿದು ಬಂದರು. "ಏಟಾಗದೆ ಏನು? ಭುಜದಿಂದ ಎದೆವರೆಗೂ ಕಪ್ಪಗೆ ಕಟ್ಟಿದೆ ಸ್ವಾಮಿ. ನಾನೇ ದಿನಾ ಬಿಸಿನೀರಿನ ಬಟ್ಟೆ ಇಡ್ತೀನಲ್ಲ."

"ಯಾವ ಭುಜ, ಅಜ್ಜಿ?"

"ಬಲಗಡೇದು," ಎಂದು ತಮ್ಮ ಭುಜವನ್ನೇ ಮುಟ್ಟಿ ತೋರಿಸಿದರು. "ಪಾಪ, ಆ ಕೈ ಎತ್ತೋಕೇ ಆಗಲ್ಲ ಇವಳಿಗೆ." ಸೊಸೆಯ ನೋವನ್ನು ಕಂಪನಿಯವರಿಗೆ ಸರಿಯಾಗಿ ತಿಳಿಸಿದ ಸಮಾಧಾನ ಅವರ ಮುಖದಲ್ಲಿತ್ತು.

ಭಾವನ ಮುಖ ಬಿಳಿಚಿಕೊಂಡಿತು. ತನಿಖೆಯವನು ಪೆನ್ನು ಕೆಳಗಿಟ್ಟ. "ನಿಮ್ಮ ಗಾಡೀಲಿ ಸ್ಟೀರಿಂಗ್ ಇರೋದು ಬಲಗಡೆ. ಪಕ್ಕ ಕೂತೋರಿಗೆ ಬೆಲ್ಟ್ ಎಡಭುಜದ ಮೇಲೆ ಬರುತ್ತೆ," ಎಂದ, ಯಾರ ಮುಖವನ್ನೂ ನೋಡದೆ.

"ಅಮ್ಮಂಗೆ ವಯಸ್ಸಾಯ್ತು ಸಾರ್, ಎಡ ಬಲ ಗೊತ್ತಾಗಲ್ಲ!" ಭಾವ ಎದ್ದೇ ನಿಂತು ಅವಳ ಕಡೆ ತಿರುಗಿದ. "ಎಡಗಡೇನೇ ಅದು. ಹೇಳಮ್ಮ, ಎಡಗಡೆ ಅಲ್ವಾ?"

ಹೂಂ ಎಂದರೆ ಸಾಕಿತ್ತು, ಮನೆ ಉಳಿದರೂ ಉಳಿಯುತ್ತಿತ್ತು. ಅತ್ತೆ ಲೋಟ ಹಿಡಿದೇ ನಿಂತಿದ್ದರು, ತಮ್ಮಿಂದ ಏನೋ ಎಡವಟ್ಟಾಯಿತೆಂಬ ಗಾಬರಿಯಲ್ಲಿ. "ನಾನೇನಾದ್ರೂ ತಪ್ಪು ಹೇಳಿದ್ನೇನೇ?"

"ಇಲ್ಲ ಅತ್ತೆ, ಸರಿಯಾಗೇ ಹೇಳಿದ್ರಿ," ಎಂದಳು ಅವಳು. "ಓಡಿಸ್ತಿದ್ದೋಳು ನಾನು. ನಿದ್ದೆ ಬರ್ತಿದೆ ಅಂತ ಅವರೇ ನಿಲ್ಲಿಸಿ ನನಗೆ ಕೊಟ್ರು. ಲಾರಿ ನನಗೆ ಕಾಣಲಿಲ್ಲ."

"ಗಾಡಿಗೆ ಏನಾದ್ರೂ ಸಿಗುತ್ತೇನೋ ಕೇಳಿ ನೋಡ್ತೀನಿ. ಪ್ರಾಣಕ್ಕೆ ಸಿಗಲ್ಲ ಅಮ್ಮಾ," ಎಂದು ತನಿಖೆಯವನು ಎದ್ದ. ಭಾವ ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆಯೇ ಓಡಿದ.

ಇಬ್ಬರೇ ಉಳಿದರು. ಅತ್ತೆ ಹೊಡೆದರೂ ಹೊಡೆಸಿಕೊಳ್ಳೋಣ ಎಂದುಕೊಂಡು ಅವಳು ನಿಂತೇ ಇದ್ದಳು. ಅತ್ತೆ ನಿಧಾನವಾಗಿ ಕುರ್ಚಿಯಲ್ಲಿ ಕುಸಿದರು.

"ಹಾಗಾದ್ರೆ ಅವನು ಮಲಗಿದ್ನಾ?"

"ಹೂಂ."

"ಬಾಯಿ ತೆಕ್ಕೊಂಡು?"

"ಹೂಂ ಅತ್ತೆ. ಗೊರಕೆ ಹೊಡೀತಿದ್ರು."

"ಚಿಕ್ಕೋನಿದ್ದಾಗಿಂದ್ಲೂ ಹಾಗೇ," ಎಂದರು ಅತ್ತೆ. ಆಮೇಲೆ ಅವಳ ಮುಖವನ್ನೇ ನೋಡಿದರು. "ಏನೆಲ್ಲ ಬೈದೆನಲ್ಲೇ ಅವನನ್ನ. ಕೇಳಿಸ್ಕೊಂಡು ಸುಮ್ಮನಿದ್ಯಲ್ಲೇ ನೀನು."

ಎದ್ದು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡರು. ಒಳಗಿನಿಂದ ಅಳು ಕೇಳಿಸಿತು, ಮಗನ ಹೆಸರು ಹಿಡಿದು ಮತ್ತೆ ಮತ್ತೆ ಕರೆಯುವ ಅಳು. ಅವಳು ಬಾಗಿಲ ತನಕ ಹೋದಳು. ತಟ್ಟಲೆಂದು ಎತ್ತಿದ ಎಡಗೈ ಬಾಗಿಲನ್ನು ಮುಟ್ಟಲಿಲ್ಲ. ಅಲ್ಲೇ ಗೋಡೆಗೆ ಆತು ನೆಲದ ಮೇಲೆ ಕೂತು, ಆ ಅಳು ಮುಗಿಯುವುದನ್ನು ಕಾಯತೊಡಗಿದಳು.