ನದಿಯಾಚೆಯ ಮದುವೆ

ಮಗಳು ಲೂಯಿಸ್‌ಳ ಮದುವೆಗೆ ಹೋಗುವುದೋ ಬೇಡವೋ ಎಂದು ಗವರ್ನರ್ ಆರಿನ್ ಸ್ಟ್ರೌಡ್ ಬೆಳಿಗ್ಗೆಯಿಂದ ತಲೆ ಕೆಡಿಸಿಕೊಂಡಿದ್ದ. ಚರ್ಚು ಇದ್ದದ್ದು ಹುಡುಗನ ಊರಿನಲ್ಲಿ, ಸೇತುವೆ ದಾಟಿದರೆ ಆಯಿತು. ಆದರೆ ನದಿಯಾಚೆ ಎಂದರೆ ಬೇರೆ ರಾಜ್ಯ. ಗವರ್ನರ್ ಗಡಿ ದಾಟಿದ ಗಳಿಗೆಯಿಂದ ಮರಳಿ ಬರುವ ತನಕ ಅಧಿಕಾರವೆಲ್ಲ ಉಪಗವರ್ನರ್ ಕೈಗೆ ಹೋಗಬೇಕೆಂಬುದು ಕಾನೂನು.

ಆ ಕಾನೂನಿನ ರುಚಿ ಆರಿನ್‌ಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಯುದ್ಧದ ಕಾಲದಲ್ಲಿ ಅವನೇ ಉಪಗವರ್ನರ್. ಮುದುಕ ಗವರ್ನರ್ ಮೀನು ಹಿಡಿಯಲು ಗಡಿಯಾಚೆ ಹೋದದ್ದೇ ತಡ, ಇವನು ಹೆದ್ದಾರಿ ಮಂಡಳಿಯ ಅಧ್ಯಕ್ಷನನ್ನು ಕಿತ್ತು ತನ್ನವನನ್ನು ಕೂರಿಸಿದ. ರಸ್ತೆಯ ಕಂಟ್ರಾಕ್ಟುಗಳು ಕೈಗೆ ಬಂದವು, ಅವುಗಳ ಬೆನ್ನಿಗೇ ಓಟುಗಳು. ಹಾಗೆ ಗವರ್ನರ್ ಆದವನಿಗೆ ನೆಮ್ಮದಿ ಎಲ್ಲಿಂದ ಬರಬೇಕು?

ಈಗಿನ ಉಪಗವರ್ನರ್ ಡೆಲ್ಮರ್ ಕೋಸ್ಕಿ ಹಸು ಸಾಕಿ ಹಾಲು ಮಾರಿದವನು, ಪಕ್ಕದ ಮನೆಯವನು. ಮಾತು ಕಮ್ಮಿ. ಆರಿನ್‌ಗೆ ಅದೇ ಅನುಮಾನ. ಬಾಯಿ ಬಿಡದವನು ಒಳಗೊಳಗೇ ಏನೋ ಹೂಡುತ್ತಿರಲೇಬೇಕು.

ಹೆಂಡತಿ ವರ್ನಾ ಹೊಸ ಹ್ಯಾಟು ಇಟ್ಟುಕೊಂಡು ಬಾಗಿಲಲ್ಲಿ ನಿಂತಳು.

"ಇವತ್ತು ಶನಿವಾರ, ಆಫೀಸೇ ಮುಚ್ಚಿದೆ. ಯಾವನು ಏನು ಕಿತ್ಕೊಂಡು ಹೋಗ್ತಾನೆ?"

"ನಾನು ಕಿತ್ಕೊಂಡಿದ್ದೂ ಶನಿವಾರಾನೇ."

"ಚರ್ಚಲ್ಲಿ ಲೂಯಿಸ್ ಕೈ ಹಿಡಿದು ಹುಡುಗನ ಹತ್ರ ಕರ್ಕೊಂಡ್ ಹೋಗೋಕೆ ಅಪ್ಪ ಬೇಕಲ್ಲ, ಆರಿನ್."

"ಚುನಾವಣೆ ಮುಗೀಲಿ. ಆಮೇಲೆ ವಾರಗಟ್ಟಲೆ ಹೋಗಿ ಇರ್ತೀನಿ."

"ಮದುವೆ ಆಮೇಲೆ ಅಲ್ಲ, ಇವತ್ತು." ಅವಳು ಒಬ್ಬಳೇ ಕಾರು ಹತ್ತಿದಳು.

ಅವಳು ಹೋದ ಮೇಲೆ ಆರಿನ್ ಡೆಲ್ಮರ್ ಮನೆಗೆ ಫೋನು ತಿರುಗಿಸಿದ. ಎತ್ತಿದ್ದು ಕೆಲಸದವಳು.

"ಸಾಹೇಬ್ರು ಕರಿ ಸೂಟ್ ಹಾಕ್ಕೊಂಡು ಆಗ್ಲೇ ಹೋದ್ರು. ಎಲ್ಲಿಗೆ ಅಂತ ಹೇಳ್ಬೇಡ ಅಂದಿದ್ದಾರೆ."

ಆರಿನ್ ಫೋನು ಕುಕ್ಕಿದ. ಕರಿ ಸೂಟು! ನಾನು ಗಡಿ ದಾಟಿಯೇ ದಾಟುತ್ತೇನೆಂದು ಲೆಕ್ಕ ಹಾಕಿ ನನ್ನ ಕುರ್ಚಿಯಲ್ಲಿ ಕೂರಲು ಹೊರಟಿದ್ದಾನೆ. ಆರಿನ್ ಕಚೇರಿಗೆ ಓಡಿದ, ಒಳಗಿನಿಂದ ಚಿಲಕ ಹಾಕಿಕೊಂಡ. ಕಾವಲುಗಾರ ತಂದಿಟ್ಟ ಕಾಫಿಯನ್ನೂ ಮುಟ್ಟಲಿಲ್ಲ. ಹೊರಗೆ ಹೆಜ್ಜೆ ಸಪ್ಪಳವಾದರೆ ಕಿವಿ ನಿಮಿರುತ್ತಿತ್ತು. ಸಂಜೆಯಾದರೂ ಯಾರೂ ಬರಲಿಲ್ಲ. ಗೆದ್ದೆ ಎಂಬ ಖುಷಿಯಲ್ಲೇ ಮನೆಗೆ ಬಂದ.

ವರ್ನಾ ಹ್ಯಾಟು ತೆಗೆಯದೆ ಕೂತಿದ್ದಳು.

"ಡೆಲ್ಮರ್ ಅಲ್ಲಿದ್ದ," ಎಂದಳು. "ಲೂಯಿಸ್ ಹೋದ ತಿಂಗಳೇ ಕೇಳ್ಕೊಂಡಿದ್ಲಂತೆ. ಅಪ್ಪ ಬಂದ್ರೆ ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ, ಬರದಿದ್ರೆ ನನ್ನ ಕೈ ಹಿಡ್ಕೊಳ್ಳಿ ಅಂತ. ನನಗೂ ಹೇಳಿರ್ಲಿಲ್ಲ."

"ಅದಕ್ಕೆ ಬದಲಿಗೆ ಏನು ಕೇಳಿದ?"

ಮಾತು ತಡೆಯುವ ಮೊದಲೇ ಬಾಯಿಂದ ಜಾರಿತ್ತು. ಆರಿನ್‌ಗೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

"ಏನೂ ಕೇಳ್ಲಿಲ್ಲ. ಅವಳ ಕೈ ಬಿಡೋವಾಗ ಅತ್ಬಿಟ್ಟ, ಅಷ್ಟೇ."

ಮಗಳೊಡನೆ ಮಾತಾಡಲೆಂದು ಆರಿನ್ ಫೋನಿನ ಹತ್ತಿರ ಹೋದ. ಅವಳಾಗಲೇ ಗಂಡನ ಜೊತೆ ರೈಲು ಹತ್ತಿದ್ದಾಳೆ ಎಂದು ವರ್ನಾ ಹೇಳಿದಳು.